ನಾನು ಸೂಚಿಸಿದ ಠರಾವು

ಕಳೆದ ತಿಂಗಳು ಕಣ್ಣು ತೋರಿಸಲು ಬಾಗಲಕೋಟೆಗೆ ಹೋಗಿದ್ದೆ. ನವನಗರದಲ್ಲಿ ಆಟೋದವನು ದಾರಿ ತಪ್ಪಿ, ಒಂದು ಹಳದಿ ಕಟ್ಟಡದ ಮುಂದೆ ಗಾಡಿ ಹೊರಳಿಸಿದ. ಕಿಟಕಿ ತೆರೆದಿತ್ತು. ಒಳಗಿನಿಂದ ಫಿನೈಲು ಮತ್ತು ಉಪ್ಪಿಟ್ಟು ಕೂಡಿದ ವಾಸನೆ ಮೂಗಿಗೆ ಬಡಿಯಿತು. ನನಗೆ ಒಮ್ಮೆಲೇ ಸಿಟ್ಟು ಬಂತು.

“ನಿಲ್ಲಸೋ ತಮ್ಮಾ,” ಎಂದೆ.

“ಕಣ್ಣಿನ ದವಾಖಾನಿ ಇದಲ್ಲಬೇ ಯವ್ವಾ.”

“ಗೊತ್ತೈತಿ. ಒಂದ್ ಗಳಿಗಿ ನಿಲ್ಲು.”

ಅವನು ನಿಲ್ಲಿಸಿದ. ನಾನು ಇಳಿಯಲಿಲ್ಲ. ಕೂತಲ್ಲಿಂದಲೇ ನೋಡಿದೆ. ಆ ಕಟ್ಟಡದೊಳಗೆ ಒಂದು ಆಷಾಢದ ಮೂರು ಶನಿವಾರ ನಾನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದೆ. ಸರ್ಕಾರದ ಅನುದಾನದಿಂದ ನಡೆಯುವ ಸಂಸ್ಥೆಗಳ ಆಡಳಿತ ಮಂಡಳಿ ಸದಸ್ಯರಿಗೆ ತರಬೇತಿ ಎಂದು ಹೊರಗೆ ಬಟ್ಟೆಯ ಬ್ಯಾನರ್ ಕಟ್ಟಿದ್ದರು. ಗಾಳಿಗೆ ಅದು ಪಟಪಟ ಬಡಿದುಕೊಳ್ಳುತ್ತಿತ್ತು. ನಾನು ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು. ಅಕ್ಷರ ಕೂಡಿಸಿ ಓದುತ್ತೇನೆ, ಹೆಸರು ಬರೆಯುತ್ತೇನೆ. ಇಂಥವಳು ಆಡಳಿತ ಮಂಡಳಿಯ ಸದಸ್ಯೆ ಹೇಗಾದಳು ಎಂದು ನೀವು ಕೇಳಬಹುದು. ಇಂಥವಳು ಎಂದೇ ಮಾಡಿದ್ದರು.

ಇಳಕಲ್ಲಿನ ನಮ್ಮ ಓಣಿಯಲ್ಲಿ ಕಿವುಡ ಮಕ್ಕಳ ಶಾಲೆ ಇದೆ. ಬೋರ್ಡಿನ ಮೇಲೆ ಉದ್ದನೆಯ ಹೆಸರಿದೆ, ನಾವು ಕಿವುಡರ ಸಾಲಿ ಎನ್ನುತ್ತೇವೆ. ನನ್ನ ಮೊಮ್ಮಗಳು ರೇಣುಕಾ ಹುಟ್ಟಾ ಕಿವುಡಿ. ಅವಳನ್ನು ಅಲ್ಲಿ ಸೇರಿಸಿದ ವರ್ಷವೇ ನನ್ನನ್ನು ಪಾಲಕರ ಪ್ರತಿನಿಧಿ ಮಾಡಿದರು. ಇನ್ನೊಬ್ಬ ಪ್ರತಿನಿಧಿ ಜೈತೂನಬಿ. ಸೀರೆಯ ಸೆರಗಿಗೆ ಗೊಂಡೆ ಕಟ್ಟುವವಳು. ಅವಳ ಕಿರಿ ಮಗಳೂ ಅದೇ ಶಾಲೆಗೆ ಬರುತ್ತಿದ್ದಳು. ಉಳಿದವರು ಐದು ಮಂದಿ ಗಂಡಸರು. ಅಧ್ಯಕ್ಷ ಮಹಾಂತಪ್ಪ, ಸೀರೆ ವ್ಯಾಪಾರಿ. ಕಾರ್ಯದರ್ಶಿ ಶಿವಾನಂದ ಮಾಸ್ತರ. ಮತ್ತೆ ಮೂವರು ಮಹಾಂತಪ್ಪನ ಬೀಗರು.

ಸಭೆ ಮಹಾಂತಪ್ಪನ ಮನೆಯ ಪಡಸಾಲೆಯಲ್ಲಿ. ಬಾಗಿಲಲ್ಲಿ ಅವನ ಹೆಂಡತಿ ಪಾರ್ವತಕ್ಕ ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ ಇಟ್ಟುಕೊಂಡು ನಿಂತಿರುತ್ತಿದ್ದಳು. ಜೈತೂನಬಿಯ ಉಡಿ ತುಂಬುತ್ತಿದ್ದಳು. ನಾನು ಗಂಡ ಸತ್ತವಳು, ನನಗೆ ಉಡಿ ಇಲ್ಲ, ಚಹಾ ಮಾತ್ರ. ಆಮೇಲೆ ಮಾಸ್ತರ ದೊಡ್ಡ ಪುಸ್ತಕ ತೆಗೆದು ಖಾಲಿ ಹಾಳೆಯ ಕೆಳಗೆ ಬೆರಳು ಇಡುತ್ತಿದ್ದ.

“ಹಾಜರಿ ಹಾಕ್ರಿ, ಹಾಜರಿ.”

ಎಲ್ಲರೂ ಸಹಿ ಹಾಕುತ್ತಿದ್ದರು. ನಾನು ಪೆನ್ನು ಕೇಳಿದರೆ ಇಂಕಿನ ಪ್ಯಾಡು ಮುಂದೆ ಸರಿಸುತ್ತಿದ್ದ. “ನೀವ್ ಹೆಬ್ಬಟ್ಟ ಒತ್ರಿ ಆಯಿ. ಲಗೂ ಆಗ್ತೈತಿ.” ಲಗೂ ಆಗಲಿ ಎಂದು ನಾನೂ ಒತ್ತಿದೆ. ಎಂಟು ವರ್ಷ ಒತ್ತಿದೆ. ಸಹಿ ಆದ ಮೇಲೆ ಗಂಡಸರು ಮಳೆ, ನೂಲು, ಮದುವೆ ಎಂದು ಮಾತಾಡುತ್ತಿದ್ದರು. ನಾವು ಮನೆಗೆ ಬರುತ್ತಿದ್ದೆವು. ಸಭೆ ಎಂದರೆ ಅದೇ ಎಂದುಕೊಂಡಿದ್ದೆವು. ಬಾಗಿಲಲ್ಲೇ ಉಡಿ ತುಂಬಿದ ಮನೆಯಲ್ಲಿ ಎದುರು ಮಾತಾಡುವ ರೂಢಿ ನಮ್ಮ ಕಡೆ ಇಲ್ಲ. ಪಾರ್ವತಕ್ಕನಿಗೆ ಇದು ಗೊತ್ತಿತ್ತೋ ಇಲ್ಲವೋ, ಅವಳ ಗಂಡನಿಗಂತೂ ಗೊತ್ತಿತ್ತು.

ಆ ವರ್ಷ ಕಾರಹುಣ್ಣಿಮೆ ಆದ ಮೇಲೆ ಮೇಲಿನಿಂದ ಕಾಗದ ಬಂತು. ಅನುದಾನ ಬೇಕಿದ್ದರೆ ಪ್ರತಿ ಸಂಸ್ಥೆಯಿಂದ ಕನಿಷ್ಠ ಇಬ್ಬರು ಸದಸ್ಯರು ತರಬೇತಿಗೆ ಬರಲೇಬೇಕು. ಗಂಡಸರಿಗೆ ಪುರುಸೊತ್ತಿಲ್ಲ. ಮಹಾಂತಪ್ಪ ನಮ್ಮಿಬ್ಬರನ್ನು ಕರೆಸಿದ.

“ಚಿಗವ್ವಾ, ನೀವಿಬ್ರು ಹೋಗಿ ಬರ್ರಿ. ಬಸ್ಸು, ಊಟ ಎಲ್ಲಾ ಅವರದ. ಅವರು ಏನರ ಅಂದ್ರ ಹೂಂ ಅನ್ರಿ, ಸಾಕು.”

ಅವನ ಜೀವನದಲ್ಲಿ ಅವನು ಮಾಡಿದ ದೊಡ್ಡ ತಪ್ಪು ಅದು. ಬೀಗರಲ್ಲಿ ಇಬ್ಬರನ್ನು ಕಳಿಸಿದ್ದರೆ ಅವರು ಉಪ್ಪಿಟ್ಟು ತಿಂದು ನಿದ್ದೆ ಮಾಡಿ ಬರುತ್ತಿದ್ದರು.

ಆ ಆಷಾಢದಲ್ಲಿ ಮಳೆ ಇಲ್ಲ, ಬರೀ ಗಾಳಿ. ಬಣ್ಣ ಹಾಕಿದ ನೂಲು ಹೊರಗೆ ಒಣಗಲು ಇಟ್ಟರೆ ಕೆಂಪು ಮಣ್ಣು ಹಿಡಿದು ಕೆಡುತ್ತಿತ್ತು. ಮೊದಲ ಶನಿವಾರ ಬೆಳಿಗ್ಗೆ ಬಸ್ಸು ಹತ್ತಿದೆವು. ಹುನಗುಂದ ದಾಟುವವರೆಗೆ ಜೈತೂನಬಿ ಸೆರಗು ಬಾಯಿಗೆ ಕಟ್ಟಿಕೊಂಡೇ ಇದ್ದಳು, ಕಿಟಕಿಯ ಗಾಜು ಇರಲಿಲ್ಲ. ಅಮೀನಗಡದಲ್ಲಿ ಇಳಿದು ಕರದಂಟು ಕಟ್ಟಿಸಿಕೊಂಡು ಓಡಿ ಬಂದಳು. “ಕಲಿಯಾಕ ಹೊಂಟೀವಿ ಅಕ್ಕಾ, ಬುದ್ಧಿಗೆ ಶಕ್ತಿ ಬೇಕಲ್ಲ,” ಎಂದಳು.

ಕಲಿಸಲು ಬಂದವಳು ಸುಧಾ ಮೇಡಂ. ಮೂವತ್ತೋ ಮೂವತ್ತೈದೋ ಇರಬೇಕು. ತುಮಕೂರು ಕಡೆಯವಳು, ಪುಸ್ತಕ ಓದಿದ ಹಾಗೆ ಮಾತಾಡುತ್ತಿದ್ದಳು. ಹತ್ತು ಹನ್ನೆರಡು ಸಂಸ್ಥೆಗಳವರು ಕೂತಿದ್ದೆವು. ಬಾದಾಮಿಯವರು, ಮುಧೋಳದವರು, ಕಲಾದಗಿಯಿಂದ ಒಬ್ಬ ಮುದುಕಪ್ಪ ಚಿಕ್ಕು ಹಣ್ಣಿನ ಚೀಲ ತಂದಿದ್ದ.

“ಆಡಳಿತ ಮಂಡಳಿಯ ಸದಸ್ಯರ ಕೆಲಸವೇನು? ತಮಗೆ ತೋಚಿದ್ದನ್ನು ಹೇಳಿ,” ಎಂದಳು ಮೇಡಂ.

ಕಲಾದಗಿಯ ಮುದುಕಪ್ಪ ಎದ್ದ. “ಹದಿನೈದನೇ ಆಗಸ್ಟಿಗೆ ಹೋಗಿ ಮಾಲಿ ಹಾಕಿಸ್ಕೊಳ್ಳೋದ್ರಿ.”

ಎಲ್ಲ ನಕ್ಕರು. ನಾನು, “ಹಾಜರಿ ಹಾಕೂದು,” ಎಂದೆ.

“ಅದಷ್ಟೇ ಅಲ್ಲ ಅಜ್ಜಿ. ನೀವು ಕಾವಲುಗಾರರು. ಸಂಸ್ಥೆ ಅಧ್ಯಕ್ಷರ ಸ್ವತ್ತಲ್ಲ. ಜನರ ದುಡ್ಡಿನಿಂದ ನಡೆಯುತ್ತದೆ. ಜನರ ಪರವಾಗಿ ನೀವು ಕಾಯಬೇಕು.”

“ಕಾಯಾಕ ಕುಂದ್ರಿಸಿದವನ ಒಳಗಿಂದ ಬಾಗಲಾ ಹಾಕ್ಕೊಂಡಿದ್ರ?” ಎಂದೆ.

ಮೇಡಂ ನನ್ನನ್ನೇ ನೋಡಿದಳು. ಆಮೇಲೆ ಹಲಗೆಯ ಮೇಲೆ ಒಂದು ಉದ್ದನೆಯ ಪದ ಬರೆದಳು. ಹಿತಾಸಕ್ತಿ ಸಂಘರ್ಷ. ತನಗೆ ಲಾಭ ಇರುವ ವಿಷಯ ಸಭೆಗೆ ಬಂದರೆ ಆ ಸದಸ್ಯ ಮೊದಲೇ ಹೇಳಬೇಕು, ಎದ್ದು ಹೊರಗೆ ಹೋಗಬೇಕು, ಉಳಿದವರು ತೀರ್ಮಾನಿಸಬೇಕು ಎಂದಳು. ಜೈತೂನಬಿಗೆ ಕನ್ನಡ ಓದಲು ಬಾರದು, ಕಿವಿಯಿಂದಲೇ ಕಲಿತಳು. ಬಸ್ಸಿನಲ್ಲಿ ಬರುವಾಗ ನನ್ನ ಕೇಳಿದಳು, “ಅಕ್ಕಾ, ಆ ಹಿತ್ತಲಾಸಕ್ತಿ ಅಂದ್ರ ತನ್ನ ಹಿತ್ತಲದ ಮ್ಯಾಲೆ ಆಸೆ ಇರೂದು, ಹೌದಿಲ್ಲೋ?”

ನಾನು ತಿದ್ದಲಿಲ್ಲ. ನನಗೂ ಹಾಗೇ ಸರಿ ಎನ್ನಿಸಿತು.

ಎರಡನೇ ಶನಿವಾರ ಪ್ರತಿಯೊಬ್ಬರೂ ತಮ್ಮ ಸಂಸ್ಥೆಯ ಹಿಂದಿನ ಸಭೆಯ ನಡಾವಳಿಯ ಝೆರಾಕ್ಸ್ ತರಬೇಕೆಂದಿದ್ದರು. ಮಾಸ್ತರ ಲಕೋಟೆಯಲ್ಲಿ ಹಾಕಿ ಅಂಟಿಸಿ ಕೊಟ್ಟಿದ್ದ. “ಮೇಡಂ ಕೈಯಾಗ ಕೊಡ್ರಿ ಆಯಿ, ನೀವೇನು ಒಡೀಬ್ಯಾಡ್ರಿ.” ಕೊಟ್ಟೆ. ಮೇಡಂ ಒಡೆದು, ನೋಡಿ, ನನ್ನ ಕೈಗೇ ತಿರುಗಿ ಕೊಟ್ಟಳು. “ನಿಮ್ಮದನ್ನು ನೀವೇ ಓದಿ.”

ಎಲ್ಲರ ಮುಂದೆ ಓದುವುದು ನನಗೆ ಅರವತ್ತು ವರ್ಷದ ಹಿಂದೆ ಬಿಟ್ಟುಹೋದ ಕೆಲಸ. ಬೆರಳು ಇಟ್ಟು ಒಂದೊಂದೇ ಅಕ್ಷರ ಕೂಡಿಸಿದೆ. ಯಾರೋ ಹಿಂದೆ ಆಕಳಿಸಿದರು. ‘ವಿಷಯ ಎರಡು. ಶಾಲೆಯನ್ನು ಹೆದ್ದಾರಿಯ ಆಚೆಗಿರುವ ಹೊಸ ಕಟ್ಟಡಕ್ಕೆ ಬಾಡಿಗೆಗೆ ಸ್ಥಳಾಂತರಿಸುವ ಬಗ್ಗೆ.’ ಇಷ್ಟು ಓದುವುದಕ್ಕೇ ಬೆವರು ಬಂತು. ಹೆದ್ದಾರಿಯ ಆಚೆಗೆ ಒಂದೇ ಹೊಸ ಕಟ್ಟಡ ಇತ್ತು, ಮಹಾಂತಪ್ಪನ ಹೊಲದಲ್ಲಿ ಅವನೇ ಕಟ್ಟಿಸಿದ್ದು. ಮುಂದಿನ ಸಾಲು ಓದಿದೆ. ‘ಸದಸ್ಯೆ ಶ್ರೀಮತಿ ಸಂಗವ್ವ ಇವರು ಸೂಚಿಸಿದರು. ಸದಸ್ಯೆ ಶ್ರೀಮತಿ ಜೈತೂನಬಿ ಇವರು ಅನುಮೋದಿಸಿದರು. ಸರ್ವಾನುಮತದಿಂದ ಠರಾವು ಪಾಸಾಯಿತು.’

ಕೆಳಗೆ ನನ್ನ ಹೆಬ್ಬೆರಳು ಇತ್ತು. ಚೆನ್ನಾಗಿ ಮೂಡಿತ್ತು.

ಮತ್ತೊಮ್ಮೆ ಓದಿದೆ. “ಸಂಗವ್ವ ಅಂದ್ರ ನಾನ,” ಎಂದು ಮೇಡಂಗೆ ಹೇಳಿದೆ, ಅವಳಿಗೆ ಗೊತ್ತಿಲ್ಲವೇನೋ ಎಂಬಂತೆ.

ಜೈತೂನಬಿ ನನ್ನ ತೋಳು ಹಿಡಿದಳು. “ಏನ್ ಅಂದೀವಿ ಅಂತ ಬರದಾರಕ್ಕಾ?”

“ನಮ್ಮ ಹುಡುಗುರ್ನ ರೋಡ್ ದಾಟಸ್ರಿ ಅಂತ ನಾ ಅಂದೇನಂತ. ಹೌದು ಹೌದು ಅಂತ ನೀ ಅಂದಿಯಂತ.”

“ಯಾ ಅಲ್ಲಾ! ಅವತ್ತ ನಾ ಬಾಯಿನ ತಗದಿಲ್ಲ. ಬಾಯಾಗ ಕೊಬ್ರಿ ಇತ್ತು.”

ಯಾರೂ ನಗಲಿಲ್ಲ. ಕಲಾದಗಿಯ ಮುದುಕಪ್ಪ ತನ್ನ ಹಾಳೆ ತೆಗೆದು ಕನ್ನಡಕ ಹಾಕಿಕೊಂಡು ಓದತೊಡಗಿದ. ಅವನೂ ಏನೇನು ಸೂಚಿಸಿದ್ದನೋ.

ಊರಿಗೆ ಬಂದ ಮರುದಿನ ರೇಣುಕಾಳನ್ನು ಕರೆದುಕೊಂಡು ಹೆದ್ದಾರಿಗೆ ಹೋದೆ. ಅವಳಿಗೆ ಆಗ ಹನ್ನೆರಡು. ನಮ್ಮ ಓಣಿಯಲ್ಲಿ ಅವಳು ಕಣ್ಣು ಮುಚ್ಚಿಕೊಂಡು ನಡೆಯುತ್ತಾಳೆ. ಮಗ್ಗಗಳ ಬಡಿತ ನೆಲದಲ್ಲಿ ಬರುತ್ತದೆ, ಅಂಗಾಲಿನಿಂದ ಹಿಡಿಯುತ್ತಾಳೆ. ಯಾರ ಮನೆಯ ಮಗ್ಗ ಇವತ್ತು ನಿಂತಿದೆ ಎಂದು ನನಗಿಂತ ಮೊದಲು ಅವಳು ಹೇಳುತ್ತಾಳೆ. ಹೆದ್ದಾರಿಯ ಅಂಚಿನಲ್ಲಿ ಚಪ್ಪಲಿ ಬಿಡಿಸಿ ನಿಲ್ಲಿಸಿ, ಲಾರಿ ಯಾವ ಕಡೆಯಿಂದ ಬರುತ್ತಿದೆ ಹೇಳು ಎಂದು ಕೈಯಲ್ಲಿ ಕೇಳಿದೆ. ಕೆಂಪು ಕಲ್ಲಿನ ದಿಮ್ಮಿ ಹೇರಿದ ಲಾರಿಗಳು ಎರಡೂ ಕಡೆಯಿಂದ ಓಡಾಡುತ್ತಿದ್ದವು. ಅವಳು ಒಂದು ಗಳಿಗೆ ನಿಂತಳು. ಎರಡೂ ಕೈ ಸುತ್ತ ತಿರುಗಿಸಿದಳು. ಎಲ್ಲ ಕಡೆಯಿಂದ. ಇಡೀ ನೆಲ ನಡುಗುತ್ತಿತ್ತು. ಅವಳು ಹುನಗುಂದದ ದಿಕ್ಕಿಗೆ ನೋಡುತ್ತಿದ್ದಳು, ಹಿಂದಿನಿಂದ ಲಾರಿ ಹಾರ್ನ್ ಬಾರಿಸುತ್ತ ಬಂತು, ಅವಳು ಹೊರಳಲಿಲ್ಲ. ಜಡೆ ಹಿಡಿದು ಎಳೆದೆ. ಅತ್ತಳು. ಅಳಲಿ ಬಿಟ್ಟೆ.

ಇನ್ನು ನೋಡುವುದೇನೂ ಉಳಿದಿರಲಿಲ್ಲ. ಮೂರನೇ ಶನಿವಾರ ಉಪ್ಪಿಟ್ಟು ಮುಟ್ಟದೆ ಮೇಡಂ ಎದುರು ಕುರ್ಚಿ ಎಳೆದುಕೊಂಡು ಕೂತೆ.

“ಅದನ್ನ ಹರದ ಹಾಕೂದು ಹೆಂಗ ಹೇಳ್ರಿ.”

“ಹರಿಯುವಂತಿಲ್ಲ ಅಜ್ಜಿ. ನಾನು ನಿಮ್ಮ ಸಂಸ್ಥೆಯ ವಿಷಯದಲ್ಲಿ ಕೈ ಹಾಕುವಂತೆಯೂ ಇಲ್ಲ. ನಿಯಮ ಹೇಳಬಲ್ಲೆ, ಅಷ್ಟೆ.”

“ನಿಯಮನ ಹೇಳ್ರಿ.”

ಮುಂದಿನ ಸಭೆಯಲ್ಲಿ ಮೊದಲ ಕೆಲಸವೇ ಹಿಂದಿನ ನಡಾವಳಿಯನ್ನು ಗಟ್ಟಿಯಾಗಿ ಓದಿ ಎಲ್ಲರಿಂದ ಖಾತ್ರಿ ಮಾಡಿಕೊಳ್ಳುವುದು ಎಂದಳು. ಅಲ್ಲಿಯವರೆಗೆ ಅದು ಹಸಿ ಗೋಡೆ ಇದ್ದ ಹಾಗೆ. ತಪ್ಪಿದ್ದರೆ ಅಲ್ಲೇ ಹೇಳಬೇಕು, ಹೇಳಿದ್ದನ್ನು ಬರೆಸಬೇಕು. “ನಿಮ್ಮಲ್ಲಿ ಎಂದಾದರೂ ಓದಿದ್ದಾರೆಯೇ?” ಎಂದು ಕೇಳಿದಳು. ನಾನು ಹೆಬ್ಬೆರಳು ತೋರಿಸಿದೆ. “ಒಂದು ಮಾತು ಅಜ್ಜಿ, ನೀವಿಬ್ಬರೇ. ಅವರು ಐವರು. ಕೈ ಎತ್ತಿಸಿದರೆ ಸೋಲುತ್ತೀರಿ,” ಎಂದೂ ಹೇಳಿದಳು. ಸುಳ್ಳು ಧೈರ್ಯ ಕೊಡಲಿಲ್ಲ. ಅದಕ್ಕೇ ಅವಳ ಮೇಲೆ ನನಗೆ ಗೌರವ.

ಬಸ್ಸಿನಲ್ಲಿ ನಾನು ಒಂದೇ ವಿಷಯ ಯೋಚಿಸಿದೆ. ಐದು ಗಂಡಸರು ಇದ್ದಾರೆ. ಎಲ್ಲರಿಗೂ ಬರೆಯಲು ಬರುತ್ತದೆ. ಸೂಚಿಸಿದವರು ಎಂದು ತಮ್ಮೊಳಗೆ ಒಬ್ಬನ ಹೆಸರು ಹಾಕಿಕೊಳ್ಳಬಹುದಿತ್ತು. ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತುವ ಮುದುಕಿಯ ಹೆಸರು ಯಾಕೆ ಬೇಕಾಯಿತು? ಹುನಗುಂದ ಬರುವಷ್ಟರಲ್ಲಿ ಉತ್ತರ ಸಿಕ್ಕಿತು.

ನಾನು ಮಾಸ್ತರನಿಗೆ ನಡಾವಳಿ ಓದಿಸಬೇಕು ಎಂದು ಹೇಳಿಕಳಿಸಿದೆ. ಮರುದಿನವೇ ಪಾರ್ವತಕ್ಕ ನಮ್ಮ ಮನೆಗೆ ಬಂದಳು. ಕೈಯಲ್ಲಿ ತಟ್ಟೆ. ಅಕ್ಕಿ, ಕೊಬ್ಬರಿ ಬಟ್ಟಲು, ಒಂದು ಖಣವಲ್ಲ, ಇಡೀ ಸೀರೆ. ನಾನು ನೂಲು ಸುತ್ತುತ್ತಿದ್ದೆ.

“ಚಿಗವ್ವಾ, ನಿಮ್ಮ ಉಡಿ ತುಂಬಬೇಕು ಅಂತ ಬಂದೇನಿ. ಈಗಿನ ಕಾಲದಾಗ ಅದೆಲ್ಲಾ ಯಾರ್ ನೋಡ್ತಾರ.”

“ಎಂಟ ವರ್ಷ ನಿಮ್ಮ ಬಾಗಲದಾಗ ನೋಡಿದವ್ರ ನೀವ ಅಲ್ಲ?”

ಪಾರ್ವತಕ್ಕನ ಮುಖ ಕೆಂಪಾಯಿತು. “ಹಂಗ್ಯಾಕಂತೀರಿ. ಮನ್ಯಾಗಿನ ಮಾತು ಮನ್ಯಾಗ ಮುಗಿಸಿದ್ರಾತು.”

“ಅದು ಮನಿ ಅಲ್ಲವಾ, ಸಾಲಿ. ತಟ್ಟಿ ಹೊಳ್ಳಿ ಒಯ್ಯಿ. ಚಹಾ ಕುಡಿದು ಹೋಗು.”

ಕುಡಿಯಲಿಲ್ಲ. ಪಾಪ, ಅವಳಿಗೂ ಆ ತಟ್ಟೆ ಹಿಡಿಸಿ ಕಳಿಸಿದ್ದರು.

ಸಭೆ ಪಂಚಮಿಗೆ ಮೂರು ದಿನ ಮೊದಲು. ಹಬ್ಬ ಮುಗಿಯುತ್ತಲೇ ಬೆಂಚುಗಳನ್ನು ಸಾಗಿಸಲು ಟ್ರ್ಯಾಕ್ಟರ್ ಹೇಳಿದ್ದರು. ಈ ಸಲ ನಾನು ಜೈತೂನಬಿಗೆ ಬಾಗಿಲಲ್ಲಿ ಉಡಿ ಒಡ್ಡಬೇಡ ಎಂದಿದ್ದೆ. ಅವಳು ಎರಡೂ ಕೈಯಲ್ಲಿ ಗೊಂಡೆಯ ರೇಷ್ಮೆ ಗಂಟು ಹಿಡಿದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, “ಕೈ ಖಾಲಿ ಇಲ್ಲಬೇ ಪಾರ್ವತಕ್ಕಾ,” ಎನ್ನುತ್ತ ಒಳಗೆ ನುಗ್ಗಿದಳು.

ಮಾಸ್ತರ ಪುಸ್ತಕ ತೆರೆದ. ಖಾಲಿ ಹಾಳೆ. ಪ್ಯಾಡು ಸರಿಸಿದ. ನಾನು ಅದನ್ನು ಹಿಂದಕ್ಕೆ ನೂಕಿ ಪೆನ್ನು ಕಸಿದುಕೊಂಡೆ.

“ಬರದದ್ದರ ಕೆಳಗ ಸಹಿ ಮಾಡ್ತೇನಿ. ಬಿಳಿ ಹಾಳಿ ಕೆಳಗ ಒಲ್ಲೆ. ಮೊದಲ ಹಿಂದಿಂದು ಓದ್ರಿ.”

“ಎಲ್ಲಾರಿಗೂ ಗೊತ್ತಿದ್ದದ್ದ ಐತಿ ಆಯಿ.”

“ನನಗ ಗೊತ್ತಿಲ್ಲ. ನಾ ಏನ್ ಸೂಚಿಸೇನಿ ಅನ್ನೂದು ನಾ ಕೇಳಬ್ಯಾಡೇನು?”

ಬೀಗರಲ್ಲಿ ಹಿರಿಯ ಶರಣಪ್ಪ ತಲೆ ಎತ್ತಿದ. ಅವನಿಗೂ ಗೊತ್ತಿರಲಿಲ್ಲ ಎಂದು ನನಗೆ ಆಗಲೇ ತಿಳಿಯಿತು. ಮಾಸ್ತರ ಮಹಾಂತಪ್ಪನ ಮುಖ ನೋಡಿದ. ಮಹಾಂತಪ್ಪ ಓದು ಎಂದು ಕೈ ಮಾಡಿದ. ಮಾಸ್ತರ ಗಂಟಲಲ್ಲೇ ಗುಣಗುಣ ಓದಿದ. “ಗಟ್ಟ್ಯಾಗಿ,” ಎಂದಳು ಜೈತೂನಬಿ. “ಇದು ಕಿವುಡರ ಸಾಲಿ ಸಭಾ ಐತಿ, ನಾವಲ್ಲ ಕಿವುಡರು.”

ಓದಿ ಮುಗಿಯಿತು. ನಾನು ಎದ್ದು ನಿಂತೆ. ಮಂಡಿ ನೋಯುತ್ತಿತ್ತು, ಆದರೂ ನಿಂತೆ.

“ಅಧ್ಯಕ್ಷರ, ಕಟ್ಟಡ ಯಾರದ್ರಿ?”

“ನಂದ ಐತಿ. ಅದ್ರಾಗೇನೈತಿ? ಹೊಸಾದು, ಗಾಳಿ ಬೆಳಕು ಐತಿ.”

“ಹಂಗಾರ ಎದ್ದು ಹೊರಗ ಹೋಗ್ರಿ. ನಿಯಮ ಐತಿ. ತನ್ನ ಲಾಭದ ವಿಷಯ ಬಂದಾಗ ತಾನ ಕುಂದ್ರುವಂಗಿಲ್ಲ.”

“ಹಿತ್ತಲಾಸಕ್ತಿ,” ಎಂದಳು ಜೈತೂನಬಿ ಗಂಭೀರವಾಗಿ.

“ನನ್ನ ಮನ್ಯಾಗಿಂದ ನನ್ನ ಹೊರಗ ಹಾಕ್ತೀ ಚಿಗವ್ವಾ?” ಮಹಾಂತಪ್ಪ ನಗಲು ನೋಡಿದ. ಯಾರೂ ಜೊತೆ ಕೊಡಲಿಲ್ಲ. ಎದ್ದ. ಹೊರಗೆ ಹೋಗಲಿಲ್ಲ, ಹೊಸ್ತಿಲ ಮೇಲೆ ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು ನಿಂತ. ಅಷ್ಟು ಸಾಕು ಎಂದುಕೊಂಡೆ.

“ಮಾಸ್ತರ, ನಾ ಸೂಚಿಸೇನಿ ಅಂತ ಬರದೀರಿ. ಖರೆ ಏನು?”

ಖರೆ ಅಲ್ಲ ಎಂದರೆ ಸರ್ಕಾರಕ್ಕೆ ಕಳಿಸುವ ಪುಸ್ತಕದಲ್ಲಿ ಸುಳ್ಳು ಬರೆದ ಹಾಗಾಯಿತು. “ಖರೆ,” ಎಂದ ಮಾಸ್ತರ.

ಪೆನ್ನು ಅವನ ಕೈಗೆ ತಿರುಗಿ ಕೊಟ್ಟೆ. “ಆತು. ನಾನ ಸೂಚಿಸಿದ್ದು ನಾನ ವಾಪಸ್ ತಗೋತೇನಿ. ಬರೀರಿ.”

“ನಂದೂ ವಾಪಸ್,” ಎಂದಳು ಜೈತೂನಬಿ. “ಬರೀರಿ.”

ಮಾಸ್ತರನ ಪೆನ್ನು ಕದಲಲಿಲ್ಲ. ನಾನು ಬೀಗರ ಕಡೆಗೆ ಹೊರಳಿದೆ.

“ಈಗ ಠರಾವಿಗೆ ಹೆಸರ ಇಲ್ಲ. ಸಾಲಿ ಅಲ್ಲಿ ಹೋಗಬೇಕು ಅನ್ನವ್ರು ಯಾರಿದ್ದೀರಿ, ತಮ್ಮ ಹೆಸರ ಹಾಕ್ರಿ. ಕಿವಿ ಕೇಳಲಾರದ ಹುಡುಗುರು ಕಲ್ಲಿನ ಲಾರಿ ನಡುವ ದಿನಾ ಎರಡ ಸಲ ರೋಡ್ ದಾಟಲಿ ಅಂತ ಸೂಚಿಸಿದವ್ರು ಇಂಥವ್ರು ಅಂತ ಬರೀಲಿ. ನಾಳೆ ಒಂದ ಹುಡುಗಿ ಗಾಲಿ ಕೆಳಗ ಬಿದ್ರ, ಪೊಲೀಸರು ಈ ಪುಸ್ತಕ ತಗದ ನೋಡ್ತಾರ. ನನ್ನ ಹೆಸರ ಸಿಗಲಿ ಅಂತ ಮಾಡಿದ್ರಿ. ಈಗ ನಿಮ್ಮದು ಹಾಕ್ರಿ. ಶರಣಪ್ಪಾ, ನೀ ಹಾಕ್ತೀ?”

ಗಾಳಿಗೆ ಪಡಸಾಲೆಯ ಕಿಟಕಿ ಬಡಿಯಿತು. ಶರಣಪ್ಪ ಹೊಸ್ತಿಲ ಕಡೆ ನೋಡದೆ ಹೇಳಿದ, “ನಂದ ಬ್ಯಾಡಪಾ. ನನಗೂ ಮೊಮ್ಮಕ್ಕಳದಾವು.”

ಉಳಿದ ಇಬ್ಬರು ಒಬ್ಬರನ್ನೊಬ್ಬರು ನೋಡಿದರು. ಒಬ್ಬ, ಅಂಗಡಿಗೆ ಹೋಗುವುದಿದೆ ಎಂದು ಎದ್ದ. ಮಾಸ್ತರ ತನ್ನ ಹೆಸರು ಬರೆಯುವ ಮಾತೇ ಇರಲಿಲ್ಲ, ಅವನಿಗೆ ಸಂಬಳ ಬರುತ್ತಿದ್ದದ್ದು ಸರ್ಕಾರದಿಂದ. ಕೈ ಎತ್ತಿಸಿದ್ದರೆ ನಾವು ಸೋಲುತ್ತಿದ್ದೆವು. ಕೈ ಎತ್ತುವುದಕ್ಕೆ ಮೊದಲು ಯಾರಾದರೂ ಸೂಚಿಸಬೇಕಿತ್ತು. ಸೂಚಿಸುವ ಗಂಡಸು ಆ ಮನೆಯಲ್ಲಿ ಇರಲಿಲ್ಲ.

ಮಾಸ್ತರ ಬರೆಯತೊಡಗಿದ. ‘ಸದಸ್ಯೆಯರು ತಮ್ಮ ವೈಯಕ್ತಿಕ ಕಾರಣಗಳಿಂದ…’

ನಾನು ಬಗ್ಗಿ ಅಕ್ಷರ ಕೂಡಿಸಿದೆ. “ವೈಯಕ್ತಿಕ ಹೊಡದ ಹಾಕ್ರಿ. ಹುಡುಗುರಿಗೆ ಲಾರಿ ಕೇಳೂದಿಲ್ಲ ಅಂತ ಬರೀರಿ.”

ಬರೆದ. ನಾನು ಕೆಳಗೆ ಸಹಿ ಮಾಡಿದೆ. ಸಂಗವ್ವ ಎಂದು ಬರೆಯುವಾಗ ಒತ್ತಕ್ಷರ ಸಾಲಿನಿಂದ ಕೆಳಗೆ ಜಾರಿತು. ಜಾರಲಿ.

ಪಂಚಮಿ ಮುಗಿಯಿತು, ಟ್ರ್ಯಾಕ್ಟರ್ ಬರಲಿಲ್ಲ. ಹಬ್ಬಕ್ಕೆ ಓಣಿಯಲ್ಲಿ ಜೋಕಾಲಿ ಕಟ್ಟಿದ್ದರು. ನಾಲ್ಕು ಹನಿ ಮಳೆಯೂ ಬಿತ್ತು, ನೂಲು ಒಳಗೆ ತೆಗೆದಿಟ್ಟೆವು. ಮಹಾಂತಪ್ಪ ಮೂರು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಅವನ ಅಂಗಡಿಯಿಂದ ನನಗೆ ಬರುತ್ತಿದ್ದ ನೂಲು ಸುತ್ತುವ ಕೆಲಸ ನಿಂತಿತು. ಬೇರೆ ಕಡೆ ಹುಡುಕಿಕೊಂಡೆ. ಮುಂದಿನ ಯುಗಾದಿಗೆ ಮಂಡಳಿಯ ಅವಧಿ ಮುಗಿದಾಗ ನನ್ನನ್ನೂ ಜೈತೂನಬಿಯನ್ನೂ ಕೈಬಿಟ್ಟು ಇಬ್ಬರು ಹೊಸ ತಾಯಂದಿರನ್ನು ತೆಗೆದುಕೊಂಡರು. ಜೈತೂನಬಿ ಒಂದು ವಾರ ಬೈದಳು. ನಾನು ಆ ಇಬ್ಬರನ್ನು ಮನೆಗೆ ಕರೆದು ಚಹಾ ಕೊಟ್ಟು, ನಡಾವಳಿ ಓದಿಸುವುದು ಹೇಗೆಂದು ಕಲಿಸಿದೆ. ತಲೆಯಿಂದ ತಲೆಗೆ ದಾಟಿಸಲು ಸರ್ಕಾರದ ಬ್ಯಾನರ್ ಬೇಕಾಗಿಲ್ಲ.

ರೇಣುಕಾ ಈಗ ಅದೇ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಹೊಲಿಗೆ ಕಲಿಸುತ್ತಾಳೆ. ಶಾಲೆ ಈಗಲೂ ಬಾಡಿಗೆ ಮನೆಯಲ್ಲೇ ಇದೆ, ಸೋರುತ್ತದೆ, ಗಾಳಿ ಬೆಳಕು ಕಡಿಮೆ. ಒಳ್ಳೆಯ ಕಟ್ಟಡ ಬೇಕು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಓಣಿಯ ಒಳಗೆ ಬೇಕು. ಅದಕ್ಕಾಗಿ ಇಲಾಖೆಗೆ ಅರ್ಜಿ ಬರೆಸುತ್ತಲೇ ಇದ್ದೇನೆ. ಬೆಳಿಗ್ಗೆ ಶಾಲೆ ತೆರೆಯುವ ಹೊತ್ತಿಗೆ ಹೋಗಿ ಕಟ್ಟೆಯ ಮೇಲೆ ಕೂರುತ್ತೇನೆ. ಯಾವ ಮಗು ಬಂತು, ಯಾವ ಶಿಕ್ಷಕ ತಡವಾದ, ನೋಡುತ್ತೇನೆ.

ಹೋದ ವಾರ ಮಹಾಂತಪ್ಪನ ಕಾರು ಓಣಿಯ ಬಾಯಲ್ಲಿ ಬಂದು ನಿಂತಿತು. ಅವನಿಗೂ ವಯಸ್ಸಾಗಿದೆ. ಗಾಜು ಇಳಿಸಿದ.

“ನೀ ಈಗ ಮೆಂಬರ್ ಅಲ್ಲಲ್ಲ ಚಿಗವ್ವಾ. ದಿನಾ ಬಂದ ಯಾಕ ಕುಂದರ್ತಿ?”

“ಮೆಂಬರ್‌ಕಿ ನೀ ತಗೊಂಡಿ. ಓಣಿ ನಂದ ಐತಿ. ಕಾರ್ ಹಿಂದಕ್ಕ ತಗೊ, ಹುಡುಗುರು ಬರಾಕತ್ತಾವು.”

ಹಾರ್ನ್ ಮೇಲೆ ಇಟ್ಟಿದ್ದ ಕೈ ತೆಗೆದ. ಕಾರು ಹಿಂದಕ್ಕೆ ತಗೊಂಡ.